ಪಕ್ಕದವಳು ಹೇಳಬೇಕಾದ ಹೆಸರು

ಎಮಲಿನ್ ಅಕ್ಕ ಕಾಶಿಯಲ್ಲಿ ತಪ್ಪಿಹೋದದ್ದು ಬೆಳಗಿನ ದೋಣಿಯಿಂದ ಇಳಿದ ಮೇಲೆ. ಘಾಟಿನ ಮೆಟ್ಟಿಲ ಮೇಲೆ ವಿಲ್ಬರ್ಟ್ ಮಹತ್ತಯಾ ಎಂದಿನಂತೆ ತಲೆ ಎಣಿಸಿದರು. ಒಂದು ತಲೆ ಕಡಿಮೆ ಬಂತು. ಇನ್ನೊಮ್ಮೆ ಎಣಿಸಿದರು, ಆಗಲೂ ಕಡಿಮೆ. ಆಮೇಲೆ ನನ್ನ ಕಡೆ ತಿರುಗಿ, "ಗುಣಸೀಲಿ, ನಿಮ್ಮೂರಿನವಳು ಎಲ್ಲಿ?" ಎಂದರು. ನಿಮ್ಮೂರಿನವಳಂತೆ. ಅಲ್ಲಿಯವರೆಗೆ ಎಲ್ಲರೂ ಅವರ ಯಾತ್ರಿಕರು. ಒಬ್ಬಳು ಕಾಣದೆ ಹೋದ ಕೂಡಲೇ ಅವಳು ನಮ್ಮೂರಿನವಳು.

ನಾನು ಈ ಯಾತ್ರೆಗಳಿಗೆ ಅಡುಗೆಯವಳಾಗಿ ಬರುತ್ತೇನೆ. ಲಂಕೆಯಿಂದ ಬುದ್ಧನ ಜಾಗಗಳನ್ನು ನೋಡಲು ಬರುವ ನಮ್ಮ ಮುದುಕ ಮುದುಕಿಯರಿಗೆ ಇಲ್ಲಿಯ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಅನ್ನ, ತೆಂಗಿನ ಹಾಲಿನ ಸಾರು, ನಂಚಿಕೊಳ್ಳಲು ಒಣಮೀನು ಬೇಕೇ ಬೇಕು. ಹಾಗಾಗಿ ಬಸ್ಸಿನ ಹೊಟ್ಟೆಯಲ್ಲಿ ಅಕ್ಕಿಮೂಟೆ, ಒಲೆ, ಪಾತ್ರೆ ತುಂಬಿಕೊಂಡು ನಾನೂ ಹೊರಡುತ್ತೇನೆ. ವಿಲ್ಬರ್ಟ್ ಮಹತ್ತಯಾ, ಅಂದರೆ ವಿಲ್ಬರ್ಟ್ ಯಜಮಾನರು, ನಮ್ಮ ನಡೆಗುರು. ತಂಡವನ್ನು ಮುಂದೆ ನಿಂತು ನಡೆಸುವವರಿಗೆ ನಮ್ಮಲ್ಲಿ ಹಾಗೆ ಅನ್ನುತ್ತಾರೆ. ಪೋಸ್ಟಾಫೀಸಿನ ಕೆಲಸದಿಂದ ನಿವೃತ್ತರಾದವರು, ಬೋಳುತಲೆ, ಎತ್ತರದ ದನಿ. ಯಾತ್ರೆಯಲ್ಲಿ ನಡೆಗುರುವಿನದೇ ಕೊನೆಯ ಮಾತು. ಕೂರು ಎಂದರೆ ಕೂರಬೇಕು, ಏಳು ಎಂದರೆ ಏಳಬೇಕು.

ಈ ಸಲ ಹೊರಡುವ ಮೊದಲೇ ಅವರು ಒಂದು ಕಟ್ಟಳೆ ಮಾಡಿದ್ದರು. ವಿಹಾರಕ್ಕೆ ಹೋಗುವಾಗ ನಾವು ಹೇಗೂ ಬಿಳಿಯೇ ಉಡುವವರು, ಆದರೆ ಈ ಯಾತ್ರೆ ಮುಗಿಯುವವರೆಗೆ ಯಾರೂ ಬೇರೆ ಬಣ್ಣ ಹಾಕಕೂಡದು. ಜನಜಂಗುಳಿಯಲ್ಲಿ ಬಿಳಿ ಕಂಡಲ್ಲಿ ನಮ್ಮವರು, ಹೀಗಾಗಿ ಯಾರೂ ತಪ್ಪಿಹೋಗುವ ಮಾತೇ ಇಲ್ಲ ಎಂಬುದು ಅವರ ಲೆಕ್ಕ. ಹಿಂದಿನ ಯಾತ್ರೆಗಳಲ್ಲಿ ನಾವು ಸಾರನಾಥದಲ್ಲಿ ಇಳಿದು, ಕಾಶಿಯನ್ನು ಬಸ್ಸಿನ ಕಿಟಕಿಯಿಂದ ನೋಡಿ ಮುಂದೆ ಹೋದವರು. ಈ ಊರಿನ ಒಳಗೆ ಏನಿದೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾನು ಮೆಟ್ಟಿಲ ಮೇಲೆ ನಿಂತು ಸುತ್ತ ಕಣ್ಣಾಡಿಸಿದೆ. ಬಿಳಿ ಬಟ್ಟೆಯ ಮುದುಕಿಯರು ಎಲ್ಲೆಲ್ಲೂ ಇದ್ದರು. ಒಬ್ಬಳು ಮೀಯುತ್ತಿದ್ದಳು, ಒಬ್ಬಳು ಜಪ ಮಾಡುತ್ತಿದ್ದಳು, ಒಬ್ಬಳು ಗೋಡೆಗೊರಗಿ ಕೈ ಚಾಚಿದ್ದಳು, ಇಬ್ಬರು ತಂಬಿಗೆ ಹಿಡಿದು ಓಣಿ ಹತ್ತುತ್ತಿದ್ದರು. ಗಂಡ ಸತ್ತವರು, ಮಕ್ಕಳಿಗೆ ಬೇಡವಾದವರು, ಇಲ್ಲೇ ಪ್ರಾಣ ಬಿಡಬೇಕೆಂದು ಬಂದವರು, ಎಲ್ಲರೂ ಬಿಳಿಯೇ. ಎಮಲಿನ್ ಅಕ್ಕ ನಮ್ಮ ಕಡೆಯ ಉದ್ದ ತೋಳಿನ ಬಿಳಿ ರವಿಕೆ ತೊಟ್ಟು, ಬಿಳಿ ಬಟ್ಟೆ ಉಟ್ಟು, ಮೇಲೊಂದು ಬಿಳಿ ಶಾಲು ಹೊದ್ದಿದ್ದಳು. ಆ ಶಾಲನ್ನು ತಲೆಯ ಮೇಲೆ ಎಳೆದುಕೊಂಡರೆ ಮುಗಿಯಿತು, ಹೆತ್ತ ಮಗಳಿಗೂ ಗುರುತು ಸಿಗುವಂತಿರಲಿಲ್ಲ.

ಅವಳು ಜಂಗುಳಿಯಲ್ಲಿ ತಪ್ಪಿಹೋದವಳಲ್ಲ, ಸಿಟ್ಟಿನಿಂದ ನಡೆದುಹೋದವಳು ಎಂದು ನನಗೆ ಆ ಕ್ಷಣಕ್ಕೇ ಗೊತ್ತಾಗಿತ್ತು. ದೋಣಿಯಲ್ಲಿ ಆದದ್ದನ್ನು ಕಣ್ಣಾರೆ ನೋಡಿದ್ದೆ. ನಮ್ಮಲ್ಲಿ ಸತ್ತವರಿಗೆ ಪುಣ್ಯ ಮುಟ್ಟಿಸುವಾಗ ಗಿಂಡಿಯಿಂದ ಒಂದು ಬಟ್ಟಲಿಗೆ ನೀರು ಸುರಿಯುತ್ತೇವೆ. ಬಟ್ಟಲು ತುಂಬಿ ಹೊರಚೆಲ್ಲಬೇಕು, ಸುರಿಯುವಾಗ ಸತ್ತವರ ಹೆಸರು ಹೇಳಬೇಕು. ಗಂಗೆಯ ನಡುವೆ ಮಹತ್ತಯಾ ಗಿಂಡಿ ಹಿಡಿದು ನಿಂತರು, ಒಬ್ಬೊಬ್ಬರೂ ತಮ್ಮವರ ಹೆಸರು ಹೇಳಿದರು. ಎಮಲಿನ್ ಅಕ್ಕ ಸುಮ್ಮನೆ ಹೊಳೆ ನೋಡುತ್ತಾ ಕೂತಿದ್ದಳು. ಪಾಪ, ಮುದುಕಿಗೆ ಸಂಕೋಚವಿರಬೇಕು ಎಂದುಕೊಂಡರೋ ಏನೋ, ಮಹತ್ತಯಾ ತಾವೇ ದನಿ ಎತ್ತಿದರು. "ನಮ್ಮ ಎಮಲಿನ್ ಅವರ ಗಂಡ, ದಿವಂಗತ ಅಂದಿರಿಸ್" ಎಂದು ಕೂಗಿ ನೀರು ಸುರಿದೇಬಿಟ್ಟರು. ಅಕ್ಕ ತಲೆ ಎತ್ತಿ ಅವರನ್ನು ನೋಡಿದಳು. ದಡ ಮುಟ್ಟಿದ ಮೇಲೆ ಎಲ್ಲರಿಗಿಂತ ಮೊದಲು ಇಳಿದವಳು ಅವಳೇ.

ಅಂದಿರಿಸ್ ಸತ್ತಿದ್ದಾನೆಂದು ನಮ್ಮ ಊರಿಗೆಲ್ಲ ಗೊತ್ತು, ಎಮಲಿನ್ ಅಕ್ಕನೊಬ್ಬಳನ್ನು ಬಿಟ್ಟು. ಅವನು ದೊಡ್ಡ ದೋಣಿಯಲ್ಲಿ ಮೀನಿಗೆ ಹೋದವನು ವಾಪಸು ಬರಲಿಲ್ಲ. ಆಗ ಅವಳಿಗೆ ಇನ್ನೂ ತಲೆ ನರೆತಿರಲಿಲ್ಲ. ಅದೇ ದೋಣಿಯಲ್ಲಿ ಹೋದ ಇತರರ ಮನೆಗಳಲ್ಲಿ ಮೂರು ತಿಂಗಳಿಗೆ ಭಿಕ್ಷುಗಳನ್ನು ಕರೆದು ದಾನ ಮಾಡಿ, ನೀರು ಸುರಿದು, ಅತ್ತು ಮುಗಿಸಿದರು. ಎಮಲಿನ್ ಅಕ್ಕ ಮಾಡಲಿಲ್ಲ. ಹೆಣ ತೋರಿಸಿ, ಮಾಡುತ್ತೇನೆ ಎಂದಳು. ಹಿರಿಯ ಮಗಳ ಮದುವೆಯ ಕಾಗದದಲ್ಲಿ ಅಪ್ಪನ ಹೆಸರಿನ ಹಿಂದೆ 'ದಿವಂಗತ' ಎಂದು ಅಚ್ಚಾಗಿ ಬಂದಾಗ, ಬ್ಲೇಡು ತೆಗೆದುಕೊಂಡು ಕೂತು ಒಂದೊಂದು ಕಾಗದದಲ್ಲೂ ಆ ಪದವನ್ನು ಕೆರೆದಳು. ಮದುವೆಗೆ ಬಂದವರೆಲ್ಲ ಆ ತೂತು ನೋಡಿಕೊಂಡು ಊಟ ಮಾಡಿದರು.

ಅವಳ ಕಸುಬು ನಾರಿನದು. ಹಿನ್ನೀರಿನ ಗುಂಡಿಯಲ್ಲಿ ತೆಂಗಿನಕಾಯಿ ಸಿಪ್ಪೆಯನ್ನು ತಿಂಗಳುಗಟ್ಟಲೆ ನೆನೆಹಾಕಿ, ಕೊಳೆತ ಮೇಲೆ ಕೊಡತಿಯಿಂದ ಬಡಿದು, ನಾರು ಬಿಡಿಸಿ ಹಗ್ಗ ಹೊಸೆಯುವುದು. ಆ ಕೊಳೆತ ನೀರಿನ ವಾಸನೆ ಅವಳ ಮೈಗೆ ಎಷ್ಟು ಅಂಟಿತ್ತೆಂದರೆ ಬಸ್ಸಿನಲ್ಲಿ ಪಕ್ಕ ಕೂತ ಗಾಲೆ ಪಟ್ಟಣದ ಟೀಚರಮ್ಮ ಮೊದಲ ದಿನ ಮೂಗು ಮುರಿದು ಬೇರೆ ಸೀಟು ಕೇಳಿದ್ದಳು. ಆಗಿನಿಂದ ಆ ಸೀಟಿನಲ್ಲಿ ಕೂತದ್ದು ನಾನು. ಬಂದರಿಗೆ ದೋಣಿ ಬಂದಾಗಲೆಲ್ಲ ಅಕ್ಕ ಹಗ್ಗದ ಸುರುಳಿ ಹೊತ್ತು ಹೋಗುತ್ತಿದ್ದಳು. ಮಾರುವುದು ಒಂದು ನೆಪ. ಇಳಿದವರನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಕೇಳುತ್ತಿದ್ದಳು. ಪಕ್ಕದ ಊರಿನ ಒಂದು ದೋಣಿ ಇಂಜಿನ್ ಕೆಟ್ಟು ತೇಲಿಹೋಗಿ, ಅದರಲ್ಲಿದ್ದವರು ವರ್ಷಗಳಾದ ಮೇಲೆ ಇಂಡಿಯಾದ ಜೈಲಿನಿಂದ ಮನೆಗೆ ಬಂದರಲ್ಲ, ಅಂದಿನಿಂದ ಅವಳ ತಲೆಯಲ್ಲಿ ಇಂಡಿಯಾ ಕೂತುಬಿಟ್ಟಿತು.

ನಾನು ಯಾತ್ರೆ ಮುಗಿಸಿ ಊರಿಗೆ ಹೋದಾಗಲೆಲ್ಲ ಬಂದು ಕೇಳುವಳು: "ಅಲ್ಲಿ ನಮ್ಮೋರು ಯಾರಾದ್ರೂ ಕಂಡ್ರಾ ತಂಗಿ?" ಆ ದೇಶದಲ್ಲಿ ಜನ ಎಷ್ಟಿದ್ದಾರೆ ಗೊತ್ತಾ ಅಕ್ಕ, ನಿನ್ನ ಗಂಡ ಎದುರಿಗೇ ಬಂದರೂ ನನ್ನ ಕಾಲು ತುಳಿದು ಮುಂದೆ ಹೋಗುತ್ತಾನೆ ಎಂದು ನಾನು ನಗಾಡುತ್ತಿದ್ದೆ. ಅವಳೂ ನಗುತ್ತಿದ್ದಳು. ಈ ವರ್ಷ ಬ್ಯಾಗು ಹಿಡಿದು ತಾನೂ ಬರುತ್ತೇನೆಂದು ನಿಂತಾಗ, ಮುದುಕಿಗೆ ಕೊನೆಗಾಲಕ್ಕೆ ಬುದ್ಧನ ನೆನಪಾಯಿತು ಎಂದು ಊರು ಖುಷಿಪಟ್ಟಿತು. ನನಗೆ ಮಾತ್ರ ಗೊತ್ತಿತ್ತು, ಅವಳು ಬರುತ್ತಿರುವುದು ಬುದ್ಧನನ್ನು ನೋಡಲು ಅಲ್ಲ.

ಬಂದ ದಿನವೇ ಶುರುವಿಟ್ಟಳು. ರವಿಕೆಯೊಳಗಿನಿಂದ ಅಂದಿರಿಸ್‌ನ ಫೋಟೊ ತೆಗೆದು ಬಸ್ ಡ್ರೈವರಿಗೆ, ಹೂ ಮಾರುವವನಿಗೆ, ವಿಹಾರದ ಕಾವಲಿನವನಿಗೆ ತೋರಿಸಿದಳು. ಹಿಂದಿನ ದಿನ ಕಾಶಿಗೆ ಬಂದು ಇಳಿದಾಗ, ಘಾಟಿನ ಮೇಲಿನ ಓಣಿಯ ಬಾಯಲ್ಲಿ ಚಹಾ ಮಾರುವ ಒಬ್ಬ ಗಡ್ಡದವನಿದ್ದ. ಅವನು ಮಾತ್ರ ಆ ಫೋಟೊವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ, ತಲೆಯಾಡಿಸಿದ, ವಾಪಸು ಕೊಟ್ಟು ಒಂದು ಮಣ್ಣಿನ ಲೋಟದಲ್ಲಿ ಚಹಾ ತುಂಬಿ ಅವಳ ಕೈಗಿಟ್ಟ. ದುಡ್ಡು ಬೇಡವೆಂದ. ಕುಡಿದು ಆದ ಮೇಲೆ ಎಲ್ಲರೂ ಲೋಟವನ್ನು ನೆಲಕ್ಕೆ ಒಗೆದು ಒಡೆಯುವುದನ್ನು ನೋಡಿ ಅವಳಿಗೆ ಜೀವವೇ ಹೋದಂತಾಯಿತು. ತನ್ನದನ್ನು ಮಾತ್ರ ನೀರಲ್ಲಿ ತೊಳೆದು, ಶಾಲಿನ ತುದಿಗೆ ಗಂಟು ಕಟ್ಟಿಕೊಂಡಳು. ಚೆನ್ನಾಗಿರೋ ಲೋಟ, ಯಾಕೆ ಸಾಯಿಸ್ತಾರೆ ಎಂದು ಆ ದಿನವಿಡೀ ಗೊಣಗುತ್ತಿದ್ದಳು.

ಈಗ ಅವಳೇ ಇಲ್ಲ. ಮಹತ್ತಯಾ ಪೊಲೀಸರಿಗೆ ತಿಳಿಸಿದರು, ಗಂಡಸರನ್ನು ಎರಡು ದಿಕ್ಕಿಗೆ ಅಟ್ಟಿದರು, ಉಳಿದವರನ್ನು ಬಸ್ಸಿನಲ್ಲಿ ಕೂರಿಸಿದರು. ನಾನು ಓಣಿಗಳಿಗೆ ನುಗ್ಗಿದೆ. ನನಗೆ ಬರುವ ಹಿಂದಿ ತರಕಾರಿ ಅಂಗಡಿಯದು. ಎಷ್ಟು, ಜಾಸ್ತಿಯಾಯಿತು, ಕೊಳೆತಿದೆ, ಬೇರೆ ಕೊಡು, ಇಷ್ಟೇ. ಆ ಹಿಂದಿಯಲ್ಲಿ ಒಂದು ಜೀವವನ್ನು ಹುಡುಕಬೇಕಿತ್ತು. ಬಿಳಿ ಬಟ್ಟೆಯ ಮುದುಕಿ ಎಂದು ಕೇಳಿದರೆ ಸಾಕು, ಪ್ರತಿಯೊಬ್ಬನೂ ಬಲು ಉತ್ಸಾಹದಿಂದ ಬೆರಳು ತೋರುತ್ತಿದ್ದ. ನಾನು ಓಡಿಹೋಗಿ ಭುಜ ಮುಟ್ಟಿದರೆ ಬೇರೆ ಯಾವುದೋ ಮುಖ ತಿರುಗುತ್ತಿತ್ತು. ಒಬ್ಬಳಿಗೆ ಹಲ್ಲಿಲ್ಲ, ಒಬ್ಬಳಿಗೆ ಕಣ್ಣಿಲ್ಲ, ಒಬ್ಬಳು ನನ್ನ ಕೈ ಹಿಡಿದು ಬಿಡಲೇ ಇಲ್ಲ, ಯಾರೋ ತನ್ನವರು ಕರೆಯಲು ಬಂದರೆಂದುಕೊಂಡಳು. ಅವಳ ಬೆರಳು ಬಿಡಿಸಿಕೊಳ್ಳುವಾಗ ನನಗೆ ಅಳು ಬಂತು.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಒಬ್ಬ ಪೊಲೀಸಿನವನು ಮಹತ್ತಯಾ ಬಳಿಗೆ ಬಂದು ತಗ್ಗಿದ ದನಿಯಲ್ಲಿ ಏನೋ ಹೇಳಿದ. ಹೊಳೆಯ ಕೆಳಗಡೆ ದೋಣಿಯವರು ಒಬ್ಬ ಮುದುಕಿಯನ್ನು ಮೇಲೆತ್ತಿದ್ದಾರಂತೆ. ಬಿಳಿ ಬಟ್ಟೆಯಂತೆ. ಯಾರೋ ಒಬ್ಬರು ಬಂದು ನೋಡಬೇಕು. ಮಹತ್ತಯಾ ಅವರ ಮುಖ ಬೂದಿ ಬಣ್ಣಕ್ಕೆ ತಿರುಗಿತು. "ನಾನು ಹೋಗ್ತೀನಿ," ಎಂದೆ. ಬಾಯಿಗೇನು, ಬಂದುಬಿಟ್ಟಿತು, ಕಾಲು ಮಾತ್ರ ಬರಲೊಲ್ಲದು.

ಆ ದಾರಿಯುದ್ದಕ್ಕೂ ನಾನು ಏನೇನು ಯೋಚಿಸಿದೆನೋ. ನೀರು ನೋಡುತ್ತಾ ಕೂತಿದ್ದ ಅವಳ ಮುಖವೇ ಕಣ್ಣ ಮುಂದೆ. ಗಂಡ ನೀರಿಗೆ ಹೋದ, ಇವಳೂ ಹೋದಳು, ಅವಳ ಮಕ್ಕಳಿಗೆ ನಾನು ಏನೆಂದು ಹೇಳಲಿ. ಮರಳ ಮೇಲೆ ಚಾಪೆ ಹಾಸಿ ಮಲಗಿಸಿದ್ದರು, ಮುಖದ ಮೇಲೆ ಒದ್ದೆ ಸೆರಗು. ಪೊಲೀಸಿನವನು ಬಾಗಿ ಸೆರಗು ಸರಿಸಿದ. ನಾನು ಮೊದಲು ಮುಖ ನೋಡಲಿಲ್ಲ, ಅಂಗೈ ನೋಡಿದೆ. ನಾರು ಹೊಸೆದವರ ಅಂಗೈ ಹಿಮ್ಮಡಿಯಂತೆ ಬಿರುಸಾಗಿರುತ್ತದೆ. ಈ ಅಂಗೈ ಮೆತ್ತಗಿತ್ತು. ಇವಳು ಯಾರೋ. ನಮ್ಮವಳಲ್ಲ ಎಂದು ತಲೆಯಾಡಿಸಿ ಅಲ್ಲೇ ಮರಳಿನಲ್ಲಿ ಕೂತುಬಿಟ್ಟೆ. ಹೋದ ಜೀವ ಬಂದಂತಾಯಿತು. ಅದರ ಹಿಂದೆಯೇ, ಆ ಸತ್ತವಳ ಮುಂದೆ ಕೂತು ಹೀಗೆ ನಿರಾಳವಾದೆನಲ್ಲ ಎಂದು ನಾಚಿಕೆಯೂ ಆಯಿತು.

ಬಸ್ಸಿನ ಬಳಿ ಇನ್ನೊಂದು ರಾಮಾಯಣ ಕಾದಿತ್ತು. ಮರುದಿನ ಹುಣ್ಣಿಮೆ. ಬುದ್ಧಗಯೆಯಲ್ಲಿ ಬೆಳಗಿನ ಪೂಜೆಗೆ ನಮ್ಮ ತಂಡಕ್ಕೆ ಹೊತ್ತು ನಿಗದಿಯಾಗಿತ್ತು, ಜನ ಅದಕ್ಕೆಂದೇ ಜೀವಮಾನವಿಡೀ ಕಾದು ಬಂದವರು. ಮಧ್ಯಾಹ್ನ ಹೊರಡದಿದ್ದರೆ ಅದು ತಪ್ಪಿದಂತೆ. ಒಬ್ಬಳಿಗಾಗಿ ಎಲ್ಲರೂ ಯಾಕೆ ಎಂದು ಟೀಚರಮ್ಮ ಕಿಟಕಿಯಿಂದ ತಲೆ ಹಾಕಿದಳು. ಮಹತ್ತಯಾ ಬಸ್ಸಿನ ಮೆಟ್ಟಿಲ ಮೇಲೆ ಕೂತಿದ್ದರು. ಯಾರ ಮುಖವನ್ನೂ ನೋಡದೆ, ಬಸ್ಸು ಹೋಗಲಿ, ನಾನು ಇಲ್ಲೇ ಉಳಿದು ಹುಡುಕುತ್ತೇನೆ, ಗುಣಸೀಲಿ ಜನರ ಜೊತೆ ಹೋಗಿ ಅಡುಗೆ ನೋಡಿಕೊಳ್ಳಲಿ ಎಂದರು.

"ನಾನು ಹೋಗಲ್ಲ," ಎಂದೆ.

"ಅಷ್ಟು ಜನಕ್ಕೆ ಊಟ ಯಾರು ಹಾಕ್ತಾರೆ?"

"ಒಂದು ದಿನ ರೊಟ್ಟಿ ತಿನ್ಲಿ ಮಹತ್ತಯಾ. ಯಾರೂ ಸಾಯಲ್ಲ."

ನಡೆಗುರುವಿಗೆ ಎದುರಾಡಿದ್ದು ಅದೇ ಮೊದಲು. ಅವರು ಸಿಟ್ಟಾಗುತ್ತಾರೆಂದುಕೊಂಡೆ. ಅವರು ತಮ್ಮ ಬಿಳಿ ಅಂಗಿಯ ತುದಿಯನ್ನು ಬೆರಳಲ್ಲಿ ತಿರುಚುತ್ತಾ, ಬಿಳಿ ಹಾಕಿಸಿದವನು ನಾನೇ, ಹೆಸರು ಕೂಗಿದವನೂ ನಾನೇ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಬಸ್ಸು ಇನ್ನೊಂದು ಗಂಟೆ ನಿಲ್ಲಲಿ ಎಂದು ಡ್ರೈವರಿಗೆ ಕೈ ಮುಗಿದರು. ಅಷ್ಟು ಹೊತ್ತಿಗೆ ನಾನು ಮತ್ತೆ ಮೆಟ್ಟಿಲು ಹತ್ತಿದ್ದೆ.

ಬಾಯಾರಿ ನಾಲಿಗೆ ಅಂಟಿಕೊಂಡಿತ್ತು. ಗಡ್ಡದ ಚಹಾದವನ ಅಂಗಡಿ ಕಂಡಿತು. ಆಗ ಹೊಳೆಯಿತು ನನ್ನ ಮಂದಬುದ್ಧಿಗೆ. ಇಷ್ಟು ಹೊತ್ತೂ ಬಿಳಿ ಬಟ್ಟೆ, ಬಿಳಿ ಬಟ್ಟೆ ಎಂದು ಕೇಳಿಕೊಂಡು ತಿರುಗಿದ್ದೆ. ಅವನ ಮುಂದೆ ನಿಂತು, ಎದೆಯಿಂದ ಫೋಟೊ ತೆಗೆದು ತೋರಿಸುವಂತೆ ಕೈ ಮಾಡಿದೆ. ಅವನು ಕೂಡಲೇ ಎದ್ದು ನಿಂತ. ಬೆಳಿಗ್ಗೆ ಬಂದಿದ್ದಳು ತಾಯಿ, ಎಂದ. ಫೋಟೊ ತೋರಿಸಲಿಲ್ಲವಂತೆ. ಅಂಗಡಿಯ ಕಟ್ಟೆಯ ಮೇಲೆ ಕೂತು ಅತ್ತಳಂತೆ, ದನಿಯಿಲ್ಲದೆ. ಚಹಾ ಕೊಟ್ಟರೆ ಮುಟ್ಟಲಿಲ್ಲ. ಆ ದಾರಿಯಲ್ಲಿ ನೀರು ಹೊತ್ತು ಹೋಗುತ್ತಿದ್ದ ವಿಧವೆ ಮುದುಕಿಯೊಬ್ಬಳು ನೋಡಿ, ತಮ್ಮಂತೆಯೇ ಯಾರೋ ಹೊಸಬಳು, ಮಕ್ಕಳು ತಂದು ಬಿಟ್ಟುಹೋಗಿದ್ದಾರೆ ಎಂದುಕೊಂಡು, ಕೈ ಹಿಡಿದು ಎಬ್ಬಿಸಿ ಕರೆದುಕೊಂಡು ಹೋದಳಂತೆ. ಯಾವ ಮನೆ ಎಂದರೆ ಅವನಿಗೆ ಗೊತ್ತಿಲ್ಲ. ಮೇಲಿನ ಓಣಿ ತೋರಿಸಿದ. ಅಲ್ಲಿ ಅಂಥವರ ಮನೆಗಳು ಸಾಲಾಗಿ ಇವೆ ಎಂದ.

ಆ ಓಣಿ ಎಷ್ಟು ಇಕ್ಕಟ್ಟೆಂದರೆ ಎದುರಿನಿಂದ ಹಸು ಬಂದರೆ ಗೋಡೆಗೆ ಅಂಟಿ ನಿಲ್ಲಬೇಕು. ಎರಡೂ ಕಡೆ ಹಳೆಯ ಬಾಗಿಲುಗಳು, ಎಲ್ಲವೂ ಮುಚ್ಚಿದ್ದವು. ತಟ್ಟಿದೆ, ಕೂಗಿದೆ. ಒಳಗಿನಿಂದ ಯಾರೋ ಬೈದರು. ಎಮಲಿನ್ ಅಕ್ಕ ಎಂದು ಗಂಟಲು ಹರಿಯುವಂತೆ ಕೂಗಿದೆ, ಉತ್ತರವಿಲ್ಲ. ಬಸ್ಸಿನ ಗಂಟೆ ಮುಗಿಯುತ್ತಾ ಬಂದಿತ್ತು. ಏನು ಮಾಡಲೂ ತೋಚದೆ ತಲೆ ಎತ್ತಿದರೆ, ಒಂದು ಮನೆಯ ಮೇಲಿನ ಬಿಸಿಲುಮಚ್ಚಿನಲ್ಲಿ ಬಿಳಿ ಸೀರೆಗಳು ಒಣಗುತ್ತಿದ್ದವು. ಅಂಥ ಸೀರೆಗಳು ಕಾಶಿಯ ಎಲ್ಲ ಮನೆಯ ಮೇಲೂ ಒಣಗುತ್ತವೆ, ಬಣ್ಣಬಣ್ಣದ ಪ್ಲಾಸ್ಟಿಕ್ ಹುರಿಯ ಮೇಲೆ. ಇಲ್ಲಿ ಹಳೆಯ ನೀಲಿ ಹುರಿ ಅರ್ಧಕ್ಕೆ ತುಂಡಾಗಿತ್ತು, ಉಳಿದರ್ಧಕ್ಕೆ ಹೊಸ ನಾರಿನ ಹಗ್ಗ ಗಂಟು ಹಾಕಿತ್ತು. ತೆಂಗಿನ ನಾರು, ಜೇನಿನ ಬಣ್ಣ, ಎರಡೆಳೆ. ಕಾಶಿಯಲ್ಲಿ ಆ ಹಗ್ಗ ಹೊಸೆಯುವವರು ಯಾರು? ನಾನು ಆ ಬಾಗಿಲಿಗೆ ಎರಡೂ ಕೈಯಿಂದ ಗುದ್ದಿದೆ.

ಬಾಗಿಲು ತೆರೆದವಳು ಒಬ್ಬ ಸಣಕಲು ಮುದುಕಿ. ಆಮೇಲೆ ಗೊತ್ತಾಯಿತು, ಹರಿದಾಸಿ ಎಂದು ಅವಳ ಹೆಸರು, ಬಂಗಾಳದ ಕಡೆಯವಳು. ನಾನು ಅವಳನ್ನು ತಳ್ಳಿಕೊಂಡೇ ಒಳಗೆ ಹೋದೆ. ಅಂಗಳದಲ್ಲಿ ನಾಲ್ಕಾರು ಮುದುಕಿಯರ ನಡುವೆ ಎಮಲಿನ್ ಅಕ್ಕ ಕಾಲು ಚಾಚಿ ಕೂತು, ತೊಡೆಯ ಮೇಲೆ ಅಂಗೈ ಉಜ್ಜಿ ಹಗ್ಗ ಹೊಸೆಯುತ್ತಿದ್ದಳು. ಪಾತ್ರೆ ಉಜ್ಜಲೆಂದು ಅವರು ಕೂಡಿಟ್ಟಿದ್ದ ತೆಂಗಿನಕಾಯಿ ಜುಂಗಿನ ರಾಶಿ ಅವಳ ಮುಂದಿತ್ತು.

ನನಗೆ ಸಿಟ್ಟು ಎಲ್ಲಿತ್ತೋ. ಬಾಯಿಗೆ ಬಂದದ್ದೆಲ್ಲ ಅಂದೆ. ಹೆಣ ನೋಡಿಬಂದೆ ಕಣೇ ನಿನಗಾಗಿ, ನಿನಗೆ ಹಗ್ಗವಾ, ನಿನ್ನ ಮಕ್ಕಳಿಗೆ ಏನು ಹೇಳಬೇಕಿತ್ತು ನಾನು, ಎಂದೆಲ್ಲ. ಅಂದು ಅಂದು ಅಳುತ್ತಾ ಅವಳ ಪಕ್ಕ ಕುಸಿದೆ. ಅವಳು ಎಳೆ ಬಿಡದೆ ನನ್ನನ್ನು ನೋಡಿದಳು.

"ಕಿರುಚಬೇಡ. ಇವ್ರು ಹೆದರ್ಕೋತಾರೆ," ಎಂದಳು. ಆಮೇಲೆ, "ನಾರು ನೆನೆಸಿಲ್ಲ, ಕೈಗೆ ಚುಚ್ತದೆ. ಬಟ್ಟೆ ನೆಲಕ್ಕೆ ಬಿದ್ದಿತ್ತು, ಅದಕ್ಕೇ."

ಏಳು, ಬಸ್ಸು ಹೊರಡುತ್ತದೆ ಎಂದೆ. ಅವಳು ಏಳಲಿಲ್ಲ. ನಾನು ಬರಲ್ಲ ಎಂದಳು. ಸಿಟ್ಟಿನ ದನಿಯಾಗಿದ್ದರೆ ನಾನು ಎಳೆದುಕೊಂಡು ಹೋಗುತ್ತಿದ್ದೆ. ದನಿ ತಣ್ಣಗಿತ್ತು. ಆ ಬಸ್ಸಿನಲ್ಲಿ ಕೂತವರೆಲ್ಲರ ಪಾಲಿಗೆ ಅವನು ಬೆಳಿಗ್ಗೆ ಸತ್ತುಹೋದ, ಇವರು ನನ್ನನ್ನು ಏನೂ ಕೇಳಲಿಲ್ಲ, ಫೋಟೊ ನೋಡಿದರು, ಒಬ್ಬೊಬ್ಬಳೂ ತಲೆ ಸವರಿದಳು, ಅನ್ನ ಹಾಕಿದರು, ಇಲ್ಲಿ ಅವನು ಇನ್ನೂ ಸತ್ತಿಲ್ಲ ಎಂದಳು. ನಾಳೆ ಗಯೆಯಲ್ಲಿ ಯಾರೂ ಅವನ ಹೆಸರು ಎತ್ತದಂತೆ ನೋಡಿಕೊಳ್ಳುತ್ತೇನೆ, ನನ್ನ ಮೇಲೆ ಆಣೆ, ಗಯೆಗೆ ಬಾ ಅಕ್ಕ ಎಂದು ಗೋಗರೆದೆ.

ನಮ್ಮ ಮಾತಿನಲ್ಲಿ ಹರಿದಾಸಿಗೆ ಅರ್ಥವಾದದ್ದು ಒಂದೇ ಪದ. ಅವಳು ನನ್ನ ತೋಳು ಹಿಡಿದಳು. "ಗಯೆಗಾ? ನೀವು ಗಯೆಗೆ ಹೋಗ್ತಿದ್ದೀರಾ?" ಎಂದು ಹಿಂದಿಯಲ್ಲಿ ಕೇಳಿದಳು. ಹೌದೆಂದೆ. ಅಂಗಳದಲ್ಲಿದ್ದ ಮುದುಕಿಯರೆಲ್ಲ ಕೈಯ ಕೆಲಸ ಬಿಟ್ಟು ಹತ್ತಿರ ಬಂದರು.

ನಿಧಾನವಾಗಿ, ಕೈಸನ್ನೆ ಸೇರಿಸಿ ಅವಳು ಹೇಳಿದ್ದು ಇಷ್ಟು. ನಮಗೆ ಗಯೆ ಬುದ್ಧನ ಊರು, ಅವರಿಗೆ ಅದು ಸತ್ತವರಿಗೆ ಪಿಂಡ ಇಡುವ ಊರು. ಗಯೆಯಲ್ಲಿ ಹೆಸರು ಹೇಳಿ ನೀರು ಬಿಟ್ಟರೆ ಸತ್ತವನು ಅಲೆಯುವುದು ತಪ್ಪುತ್ತದೆ. ಮಗನಿದ್ದವನಿಗೆ ಮಗ ಹೋಗಿ ಮಾಡುತ್ತಾನೆ. ಇವರಿಗೆ ಯಾರೂ ಇಲ್ಲ, ಇದ್ದರೂ ಬರುವುದಿಲ್ಲ. ಗಯೆ ಇಲ್ಲಿಂದ ಬಸ್ಸಿನಲ್ಲಿ ಅರ್ಧ ದಿನದ ದಾರಿ, ಆದರೆ ಈ ಅಂಗಳದಿಂದ ಯಾರೂ ಅಲ್ಲಿಗೆ ಹೋಗಿಲ್ಲ. ನೀವು ಬೇರೆ ದೇಶದವರು, ಬೇರೆ ದೇವರು, ಆದರೂ ನಮ್ಮ ಗಂಡಂದಿರ ಹೆಸರನ್ನು ಅಲ್ಲಿ ಒಮ್ಮೆ ಹೇಳುತ್ತೀರಾ ಎಂದು ಕೇಳಿದಳು. ನಾನು ಅದನ್ನೆಲ್ಲ ಎಮಲಿನ್ ಅಕ್ಕನಿಗೆ ಹೇಳಿದೆ. ಅವಳು ಹೊಸೆಯುವುದನ್ನು ನಿಲ್ಲಿಸಿದಳು.

"ಹೆಸರು ಹೇಳಕ್ಕೆ ಹೇಳು," ಎಂದಳು.

ಹರಿದಾಸಿ ಬಾಯಿ ಬಿಡಲಿಲ್ಲ. ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು, ಪಕ್ಕದಲ್ಲಿದ್ದವಳನ್ನು ಮೊಣಕೈಯಿಂದ ತಿವಿದಳು. ಪಕ್ಕದವಳು, "ಶಶಧರ" ಎಂದಳು. ಆಮೇಲೆ ಆ ಪಕ್ಕದವಳು ತಾನೂ ಸೆರಗು ಅಡ್ಡ ಹಿಡಿದಳು, ಹರಿದಾಸಿ ಅವಳಿಗಾಗಿ "ಕಾಳೀಪದ" ಎಂದಳು. ಹಲ್ಲುದುರಿದ ಬಾಯಿಗಳು, ಗಂಡ ಸತ್ತು ಎಷ್ಟು ಕಾಲವಾಯಿತೋ, ಆದರೂ ಆ ನಾಚಿಕೆ ನೋಡಬೇಕಿತ್ತು.

"ಅವಳ ಗಂಡನ ಹೆಸ್ರು ಅವಳೇ ಯಾಕೆ ಹೇಳಲ್ಲ?" ಎಂದು ಅಕ್ಕ ಕೇಳಿದಳು.

ಕೇಳಿ ತಿಳಿದುಕೊಂಡು ಹೇಳಿದೆ. "ಇಲ್ಲಿ ಹೆಂಡ್ತಿ ಗಂಡನ ಹೆಸ್ರು ಬಾಯಲ್ಲಿ ತರಲ್ವಂತೆ ಅಕ್ಕ. ಅವನು ಇದ್ದಾಗ್ಲೂ ಇಲ್ಲ, ಹೋದ್ಮೇಲೂ ಇಲ್ಲ. ಪಕ್ಕದವಳು ಹೇಳ್ಬೇಕಂತೆ."

ಅವಳು ಸೆರಗು ಅಡ್ಡ ಹಿಡಿದ ಆ ಬಾಯಿಗಳನ್ನು ಒಂದೊಂದಾಗಿ ನೋಡಿದಳು. ಬಸ್ಸು ಹೊರಡುವ ಹೊತ್ತಾಗಿತ್ತು, ಆದರೆ ಆ ಹೊತ್ತಿನಲ್ಲಿ ಅವಸರ ಮಾಡುವ ಧೈರ್ಯವಾಗಲಿಲ್ಲ. ಆಮೇಲೆ ಅವಳು ಹೊಸೆದಿದ್ದ ಹಗ್ಗದಿಂದ ಒಂದು ಮೊಳ ಕಡಿದುಕೊಂಡಳು. ಇನ್ನೊಂದು ಸಲ ಹೇಳಿಸು ಎಂದಳು. ಶಶಧರ ಎಂದಾಗ ಒಂದು ಗಂಟು ಹಾಕಿ, ಅದನ್ನು ಹಿಡಿದು ತಾನೂ ಶಶಧರ ಎಂದಳು. ಕಾಳೀಪದ, ಇನ್ನೊಂದು ಗಂಟು. ಭೂಪತಿ. ರಾಮಸೂರತ್. ಗಂಟು ಮುಟ್ಟಿ ಮುಟ್ಟಿ ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಹೇಳಿ ಬಾಯಿಪಾಠ ಮಾಡಿದಳು. ತಪ್ಪಿದಾಗ ಮುದುಕಿಯರು ತಿದ್ದಿದರು, ನಕ್ಕರು ಕೂಡ. ಅದಾದ ಮೇಲೆ ಅವಳು ಎದ್ದು ನಿಂತು ಬಟ್ಟೆಯ ಜುಂಗು ಕೊಡವಿದಳು.

ಬಾಗಿಲ ಬಳಿ ಹರಿದಾಸಿ ಎಮಲಿನ್ ಅಕ್ಕನ ಕಡೆ ಗಲ್ಲದಿಂದ ಸನ್ನೆ ಮಾಡಿ, ಇವಳ ಗಂಡನ ಹೆಸರೇನು ಎಂದು ನನ್ನನ್ನು ಕೇಳಿದಳು. ಪ್ರಶ್ನೆ ಅಕ್ಕನಿಗೆ ಅರ್ಥವಾಯಿತು. "ಹೇಳಬೇಡ," ಎಂದಳು ನನಗೆ. ನಾನು ಹೇಳಲಿಲ್ಲ. ಹರಿದಾಸಿ ಒತ್ತಾಯ ಮಾಡಲಿಲ್ಲ, ಅಕ್ಕನ ಎರಡೂ ಅಂಗೈಗಳನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಒಬ್ಬರ ಮಾತು ಒಬ್ಬರಿಗೆ ಬಾರದ ಅವರಿಬ್ಬರೂ ಹಾಗೆ ಎಷ್ಟು ಹೊತ್ತು ನಿಂತಿದ್ದರೋ. ಕೊನೆಗೆ ನಾನೇ ರಟ್ಟೆ ಹಿಡಿದು ಎಳೆದೆ.

ಬಸ್ಸು ನಿಂತಿತ್ತು. ಹೊತ್ತು ಮೀರಿತ್ತು, ಆದರೂ ನಿಂತಿತ್ತು. ಡ್ರೈವರು ಇಂಜಿನ್ ಶುರು ಮಾಡಿದಾಗಲೆಲ್ಲ ಮಹತ್ತಯಾ ಬಸ್ಸಿನ ಮುಂದೆ ಹೋಗಿ ನಿಲ್ಲುತ್ತಿದ್ದರಂತೆ. ಅಕ್ಕನನ್ನು ಕಂಡು ಅವರು ಬೈಯಲಿಲ್ಲ. ದಾರಿ ಬಿಟ್ಟು, ಏರಲು ಕೈ ಕೊಟ್ಟರು. ಅವಳು ಆ ಕೈ ಹಿಡಿದೇ ಹತ್ತಿದಳು. ನನ್ನ ಪಕ್ಕ ಕೂತವಳು ರಾತ್ರಿಯಾಗುವವರೆಗೆ ಹಗ್ಗದ ಗಂಟುಗಳನ್ನು ಬೆರಳಲ್ಲಿ ಹೊರಳಿಸುತ್ತಿದ್ದಳು. ಮಧ್ಯೆ ಒಮ್ಮೆ ನಿದ್ದೆ ಹೋದಾಗ ನಾನು ಆ ಹಗ್ಗವನ್ನು ನೋಡಿದೆ. ರಾಮಸೂರತನ ಗಂಟಿನ ಆಚೆ ಇನ್ನೊಂದು ಗಂಟಿತ್ತು. ಅದನ್ನು ಯಾವಾಗ ಹಾಕಿದಳೋ ನನಗೆ ಗೊತ್ತಿಲ್ಲ. ನನ್ನ ಬಾಯಿ ಎಷ್ಟು ಜೋರಿನದೆಂದು ಊರಿಗೇ ಗೊತ್ತು, ಆದರೆ ಆ ರಾತ್ರಿ ನಾನು ಉಸಿರೆತ್ತಲಿಲ್ಲ.

ಬೆಳಿಗ್ಗೆ ಬೋಧಿವೃಕ್ಷದ ಕೆಳಗೆ ನಮ್ಮವರು ಚಾಪೆ ಹಾಸಿ ಕೂತರು. ಭಿಕ್ಷುಗಳು ರಕ್ಷೆಯ ಸೂತ್ರಗಳಾದ ಪಿರಿತ್ ಓದಿದರು. ಮಹತ್ತಯಾ ಗಿಂಡಿ ತಂದು ನಡುವೆ ಇಟ್ಟರು. ತಮ್ಮವರ ಹೆಸರು ಹೇಳಬೇಕೆಂದಿರುವವರು ತಾವೇ ಬಂದು ಸುರಿಯಬಹುದು, ಹೇಳದೆಯೂ ಇರಬಹುದು ಎಂದು ಮೆಲ್ಲಗೆ ಹೇಳಿ ಹಿಂದೆ ಸರಿದು ಕೂತರು. ಒಬ್ಬೊಬ್ಬರಾಗಿ ಹೋದರು, ಬಂದರು. ಎಲ್ಲರದೂ ಮುಗಿಯಿತು ಅನ್ನುವಾಗ ಎಮಲಿನ್ ಅಕ್ಕ ನನ್ನ ಕೈ ಹಿಡಿದು ಎದ್ದಳು. ಬಟ್ಟಲನ್ನು ಪಕ್ಕಕ್ಕಿಟ್ಟು, ಶಾಲಿನ ಗಂಟಿನಿಂದ ಚಹಾದವನ ಮಣ್ಣಿನ ಲೋಟ ತೆಗೆದು ಅಲ್ಲಿಟ್ಟಳು. ಎಡಗೈಯಲ್ಲಿ ಹಗ್ಗ, ಬಲಗೈಯಲ್ಲಿ ಗಿಂಡಿ.

ಶಶಧರ ಎಂದಳು, ಸುರಿದಳು. ಕಾಳೀಪದ. ಭೂಪತಿ. ರಾಮಸೂರತ್. ಇದೆಲ್ಲ ಯಾರ ಹೆಸರು ಎಂದು ಟೀಚರಮ್ಮ ಪಿಸುಗುಟ್ಟಿದಳು, ಯಾರೋ ಸುಮ್ಮನಿರು ಎಂದರು. ಬೆರಳು ಕೊನೆಯ ಗಂಟಿಗೆ ಬಂದು ನಿಂತಿತು. ಗಿಂಡಿ ಬಾಗಿತ್ತು, ನೀರು ಬೀಳಲಿಲ್ಲ. ಮಹತ್ತಯಾ ತಲೆ ತಗ್ಗಿಸಿ ನೆಲ ನೋಡುತ್ತಿದ್ದರು. ಅವಳ ತುಟಿ ಅಲುಗಿತು, ಹೆಸರು ಬರಲಿಲ್ಲ. ಮತ್ತೊಮ್ಮೆ ಅಲುಗಿತು, ಆಗಲೂ ಬರಲಿಲ್ಲ. ಆಮೇಲೆ ಅವಳು ಹಗ್ಗ ಹಿಡಿದ ಕೈಯಿಂದಲೇ ಶಾಲಿನ ತುದಿಯನ್ನು ಎಳೆದು ಬಾಯಿಗೆ ಅಡ್ಡ ಹಿಡಿದು, ಮೊಣಕೈಯಿಂದ ನನ್ನನ್ನು ತಿವಿದಳು.

"ಪಕ್ಕದವಳು ನೀನೇ ಅಲ್ವಾ," ಎಂದಳು. "ಹೇಳು."

"ಅಂದಿರಿಸ್" ಎಂದೆ.

ಅವಳು ಸುರಿದಳು. ಮಣ್ಣಿನ ಲೋಟ ಚಿಕ್ಕದು, ಬೇಗ ತುಂಬಿ ಹರಿಯಿತು. ಅವಳು ನಿಲ್ಲಿಸಲಿಲ್ಲ, ಗಿಂಡಿ ಖಾಲಿಯಾಗುವವರೆಗೂ ಸುರಿದಳು.